ಅವ್ವ ಅರ್ಧಕ್ಕೆ ಬಿಟ್ಟ ಅವರೆ ಬಳ್ಳಿ

ಸುರಪುರದ ತವರುಮನೆಯಲ್ಲಿ ದೇವರ ಕೋಣೆಯ ಬಾಗಿಲಿನ ಎರಡೂ ಬದಿಗೆ ಅವ್ವ ಅವರೆ ಬಳ್ಳಿ ಬರೆಯುತ್ತಿದ್ದಳು. ಕೆಮ್ಮಣ್ಣು ಸಾರಿಸಿದ ಗೋಡೆ, ಸುಣ್ಣದ ನೀರು, ಕಡ್ಡಿಗೆ ಸುತ್ತಿದ ಹತ್ತಿ, ಅಷ್ಟೇ. ಬದಿಗೊಂದು ಕೋಲು, ಕೋಲಿಗೆ ಸುತ್ತಿ ಏರುವ ಬಳ್ಳಿ. ಬಾಗಿಲ ನೆತ್ತಿಯ ಮೇಲೆ ಎರಡೂ ತುದಿಗಳು ಕೂಡುತ್ತಿದ್ದವು. ವರ್ಷಕ್ಕೊಮ್ಮೆ ಗೋಡೆ ಸಾರಿಸುವಾಗ ತಾನೇ ಅದನ್ನು ಅಳಿಸುತ್ತಿದ್ದಳು. ಹೀಗಾಗಿ ಅವಳ ಕೈಯ ಒಂದು ಗೆರೆಯೂ ನಮಗೆ ಉಳಿದಿಲ್ಲ ಎಂದುಕೊಂಡಿದ್ದೆ.

ಕೊನೆಯ ವರ್ಷ ಯಾದಗಿರಿಯ ನನ್ನ ಮನೆಯಲ್ಲೇ ಇದ್ದಳು. ಅವಳು ಹೋದ ಮೇಲೆ, ವಿಭೂತಿ ಗಟ್ಟಿ ಇಡುವ ಡಬ್ಬಿಯ ತಳದಲ್ಲಿ ಒಂದು ಹಳೆಯ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಅದೇ ಬಾಗಿಲು. ಎಡಬದಿಯ ಬಳ್ಳಿ ಪೂರ್ತಿ ಏರಿ, ನೆತ್ತಿಯ ನಡುವಿನ ತನಕ ಬಂದು ನಿಂತಿತ್ತು. ಬಲಬದಿ ಖಾಲಿ. ಶಿವ ಅಷ್ಟಾದರೂ ಉಳಿಸಿದ.

ಪೆನ್ಸಿಲ್ ಮಾಸುತ್ತಿತ್ತು. ಅದನ್ನು ಪೂರ್ತಿ ಮಾಡಿ ನಮ್ಮ ದೇವರ ಕೋಣೆಯಲ್ಲಿ ತೂಗುಹಾಕಬೇಕು, ದಿನಾ ದೀಪ ಹಚ್ಚುವಾಗ ಅವ್ವನ ಕೈ ಕಾಣಬೇಕು ಎಂಬ ಆಸೆ ಹಿಡಿಯಿತು. ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಅಂಗಡಿಗೆ ಒಯ್ದೆ. ನಡೆಸುವವಳು ನನಗಿಂತ ಚಿಕ್ಕ ಹೆಣ್ಣುಮಗಳು. ಮನೆಯಲ್ಲಿ ಅವರದು ದಖನಿ ಉರ್ದು, ನನ್ನೊಡನೆ ಕನ್ನಡ.

"ಅಕ್ಕಾರ, ಇದು ಅರ್ಧಾನ ಅದಲ್ರಿ?"

"ಅರ್ಧಾನ ಅದ ತಂಗಿ. ಪೂರಾ ಮಾಡಾಕ ಬರ್ತದೇನು?"

"ಯಾಕ ಬರಂಗಿಲ್ರಿ? ಚಾ ಕುಡೀರಿ, ಆಗ್ತದ."

ಕಂಪ್ಯೂಟರಿನಲ್ಲಿ ಎಡಬದಿಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಲಬದಿಗೆ ಜೋಡಿಸಿದಳು. ದಪ್ಪ ಕಾಗದದ ಮೇಲೆ ಅಚ್ಚು ಹೊರಬಂದಾಗ ಕಣ್ಣು ತುಂಬಿ ಬಂತು. ಅವ್ವನೇ ಬಂದು ಕೂತು ಮುಗಿಸಿದಂತಿತ್ತು.

ಮನೆಯಲ್ಲಿ ತೂಗುಹಾಕಿದ ಮೇಲೆ ಏನೋ ಚುಚ್ಚತೊಡಗಿತು. ಏನೆಂದು ತಿಳಿದದ್ದು ಹಿತ್ತಲಲ್ಲಿ ಅವರೆಗೆ ನೀರು ಹಾಕುವಾಗ. ಅವರೆ ಬಳ್ಳಿ ಕೋಲಿನ ಮುಂದೆ ಎಡದಿಂದ ಬಲಕ್ಕೇ ಏರುತ್ತದೆ. ಬಿಡಿಸಿ ಉಲ್ಟಾ ಸುತ್ತಿದರೂ ಎರಡು ದಿನದಲ್ಲಿ ಜಾರಿ ತನ್ನ ದಾರಿ ಹಿಡಿಯುತ್ತದೆ. ಅವ್ವನ ಗೋಡೆಯ ಮೇಲೂ ಎರಡು ಬಳ್ಳಿಗಳು ಒಂದೇ ಕಡೆಗೆ ಸುತ್ತುತ್ತಿದ್ದವು. ಅಚ್ಚಿನ ಬಲಬದಿಯ ಬಳ್ಳಿ ಮಾತ್ರ ಬಲದಿಂದ ಎಡಕ್ಕೆ ಏರಿತ್ತು. ಅಂಥ ಬಳ್ಳಿಯನ್ನು ಅವ್ವ ಬರೆದವಳಲ್ಲ, ದೇವರು ಬೆಳೆಸಿದವನೂ ಅಲ್ಲ.

"ಹಿಂಗ ಸುತ್ತಿದ್ರೇನು, ಹಂಗ ಸುತ್ತಿದ್ರೇನು? ಪಲ್ಯಾದ ರುಚಿ ಕೆಡ್ತದೇನು?" ಎಂದರು ಯಜಮಾನರು.

"ನಿಮ್ಮ ಅಂಗಿ ಗುಂಡಿ ಬೆನ್ನಿಗೆ ಹಚ್ಚಿ ಕೊಟ್ರ ಸುಮ್ಮನಿರ್ತೀರೇನು?" ಎಂದೆ.

ಮರುದಿನ ಕೋಲಿನ ಸಮೇತ ಒಂದು ಬಳ್ಳಿಯನ್ನು ಕಿತ್ತುಕೊಂಡು ಅಂಗಡಿಗೆ ಹೋದೆ.

"ಯಾ ಅಲ್ಲಾ! ಬಳ್ಳಿಗೂ ಎಡಾ ಬಲಾ ಅದಾವೇನ್ರಿ?" ಎಂದು ಅವಳು ನಕ್ಕಳು. ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ನಗು ನಿಂತಿತು. "ಹಂಗಾರ ಇದು ಮಷೀನಿನ ಕೆಲಸಲ್ರಿ. ನೀವ ಬರೀರಿ."

"ನನ್ನ ಕೈಯಾಗ ಅವ್ವನ ಗೆರಿ ಎಲ್ಲಿ ಬರ್ತದ?"

"ಅವ್ವಾರ ಗೆರಿ ತೆಳ್ಳಗ ತೆಗದು ಕೊಡ್ತೀನಿ, ಕಂಡೂ ಕಾಣದಂಗ. ಅದರ ಮ್ಯಾಲ ತಿದ್ರಿ. ಎಷ್ಟರ ಹಾಳಿ ಕೆಡ್ಲಿ, ಅಸಲಿ ನನ್ನ ಕಂಪ್ಯೂಟರಿನಾಗ ಇರ್ತದ."

ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಕೂರುತ್ತಿದ್ದೆ. ಆ ತೆಳು ಗೆರೆಗಳ ಮೇಲೆ ಪೆನ್ಸಿಲ್ ಆಡಿಸುತ್ತ ಹೋದಂತೆ ಅವ್ವನ ಕೈ ತಿಳಿಯತೊಡಗಿತು. ಕಾಂಡಕ್ಕೆ ಒತ್ತುತ್ತಾಳೆ, ಎಲೆಯ ತುದಿಗೆ ಬಂದಾಗ ಹಗುರವಾಗುತ್ತಾಳೆ, ಕಾಯಿಯ ಡೊಂಕಿನಲ್ಲಿ ಒಮ್ಮೆ ಉಸಿರು ಹಿಡಿಯುತ್ತಾಳೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇರುತ್ತಿರಲಿಲ್ಲ. ಅದೂ ಶಿವನ ದಯೆಯೇ. ಕೈ ಪಳಗಿದ ಮೇಲೆ ಖಾಲಿ ಬಲಬದಿಯನ್ನು ಬರೆದೆ. ಅಂಗಡಿಯವಳು ನನ್ನ ಅರ್ಧವನ್ನು ಅವ್ವನ ಅರ್ಧಕ್ಕೆ ಜೋಡಿಸಿ ಹೊಸ ಅಚ್ಚು ತೆಗೆದುಕೊಟ್ಟಳು. ಕೂಡಿದ ಜಾಗ ನನಗೇ ಕಾಣುತ್ತಿರಲಿಲ್ಲ.

ಶಹಾಪುರದಿಂದ ನನ್ನ ಒಡಹುಟ್ಟಿದ ತಂಗಿ ಬಂದಳು, ಅಬ್ಬೆತುಮಕೂರಿನ ಮಠಕ್ಕೆ ಹೋಗುವ ದಾರಿಯಲ್ಲಿ. ನಾನೇನೂ ಹೇಳಲಿಲ್ಲ. ಅವಳು ದೇವರ ಕೋಣೆಯಲ್ಲಿ ತೂಗುಹಾಕಿದ ಹೊಸ ಅಚ್ಚಿನ ಮುಂದೆ ನಿಂತು, ನೆತ್ತಿಯ ಮೇಲೆ ಬೆರಳಿಟ್ಟಳು.

"ಅವ್ವಾ ಇಲ್ಲೀತನಾ ಬರದಾಳ. ಇಲ್ಲಿಂದ ನೀ."

"ಹೆಂಗ ತಿಳೀತು?"

"ನಿನ್ನ ಬಳ್ಳಿ ಅಂಜಿಕೋತ ಹೊಂಟದ. ಅವ್ವಾ ಯಾವಾಗ ಅಂಜಿದ್ಳು?"

ಬೈಯಬೇಕೆನ್ನಿಸಿತು. ಅವಳು ಬೆರಳು ತೆಗೆಯಲಿಲ್ಲ.

"ಅಕ್ಕಾ, ನನಗ ಈ ಪೂರಾದ್ದು ಬ್ಯಾಡ. ಅವ್ವಂದಷ್ಟ ಕೊಡು. ಉಳಿದದ್ದು ನಾ ಬರೀತೀನಿ."

ಒಂದು ಗಳಿಗೆ ಕೊಡಲು ಮನಸ್ಸಾಗಲಿಲ್ಲ. ಆ ಮಧ್ಯಾಹ್ನಗಳು ನನಗೊಬ್ಬಳಿಗೇ ಇರಲಿ ಅನ್ನಿಸಿತು. ಆಮೇಲೆ ನಾಚಿಕೆಯಾಗಿ, ಚಪ್ಪಲಿ ಮೆಟ್ಟಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ.

"ಎಷ್ಟು ತೆಗೀಲ್ರಿ?"

"ಹತ್ತು ತೆಗಿ. ಇಕಿ ಕೈ ನನಗಿಂತ ಒರಟ ಅದ," ಎಂದೆ. ತಂಗಿ ನನ್ನ ತೋಳು ಚಿವುಟಿದಳು.

ಹಾಳೆಗಳು ಬೀಳುತ್ತಿದ್ದವು, ಒಂದೊಂದರಲ್ಲೂ ಕಂಡೂ ಕಾಣದಂತೆ ಅವ್ವ. ನನ್ನದು ಬರೆದು ಮುಗಿದಿತ್ತು. ಆದರೂ ನನಗೆಂದು ಇನ್ನೂ ನಾಲ್ಕು ತೆಗೆಯಲು ಹೇಳಿದೆ.