ಹೊಳಪಿನ ಮೀಟರೂ ಗೌರಮ್ಮನ ಅಂಗೈಯೂ

1984ರಲ್ಲಿ ನಾನು ಪೀಣ್ಯದ ಒಂದು ಶಾಂಪೂ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಇನ್‌ಚಾರ್ಜ್ ಆಗಿದ್ದೆ. ನಮ್ಮ ಶಾಂಪೂ ಕೂದಲಿಗೆ ನಿಜವಾಗಿ ಹೊಳಪು ಕೊಡುತ್ತದೆಯೇ ಎಂದು ಅಳೆದು ಹೇಳುವುದು ನನ್ನ ಕೆಲಸ. "ಕಣ್ಣಿಗೆ ಕಾಣೋದಕ್ಕೆ ಮೀಟರ್ ಯಾಕ್ರೀ?" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಕಣ್ಣಿಗೆ ಕಂಡದ್ದನ್ನು ರಿಪೋರ್ಟಿನಲ್ಲಿ ಬರೆಯಲು ಬರುವುದಿಲ್ಲವಲ್ಲ.

ಮೀಟರಿನ ವಿದ್ಯೆ ಸರಳ. ಓರೆಯಾಗಿ ಬೆಳಕು ಬಿಟ್ಟು, ಎದುರು ಬದಿಗೆ ಎಷ್ಟು ಚಿಮ್ಮಿ ಬಂತೆಂದು ಅಂಕಿಯಲ್ಲಿ ತೋರಿಸುತ್ತದೆ. ಬೆಳಿಗ್ಗೆ ಕಪ್ಪು ಗಾಜಿನ ಬಿಲ್ಲೆ ಇಟ್ಟು ಅದನ್ನು ಸರಿಹೊಂದಿಸಬೇಕು. ಆಮೇಲೆ ಒಂದೇ ಕಟ್ಟಿನಿಂದ ತೆಗೆದ ಹನ್ನೆರಡು ಕೂದಲ ಗೊಂಚಲುಗಳನ್ನು ಅಳೆಯಬೇಕು. ಆರನ್ನು ಹೊಸ ಶಾಂಪೂವಿನಲ್ಲಿ, ಹೋಲಿಕೆಗೆಂದು ಇನ್ನು ಆರನ್ನು ಬರೀ ನೀರಿನಲ್ಲಿ ತೊಳೆದಿರಬೇಕು. ಈ ನೀರಿನ ಹೋಲಿಕೆ ಆ ವಾರವಷ್ಟೇ ಶುರುವಾಗಿತ್ತು. ತೊಳೆದು, ಒಣಗಿಸಿ, ಬಾಚಿ ಕೊಡುವವಳು ಗೌರಮ್ಮ. ಬಾಗಲಗುಂಟೆಯಿಂದ ನಡೆದೇ ಬರುತ್ತಿದ್ದಳು. ಎರಡು ವರ್ಷದಿಂದ ಟೆಂಪರರಿ. ಆ ತಿಂಗಳು ಪರ್ಮನೆಂಟ್ ಆಗುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಅಳೆದರೆ, ಬರೀ ನೀರಿನ ಗೊಂಚಲುಗಳೇ ಹೆಚ್ಚು ಹೊಳೆಯಬೇಕೆ? ಬಲ್ಬು ಬದಲಿಸಿದೆ, ಮೀಟರಿಗೆ ಬೈದೆ. ಮೂರು ದಿನವೂ ಅದೇ ಹಾಡು. ಮ್ಯಾನೇಜರ್ ಬಂದು ನೋಡಿದರು.

"ಆಯಮ್ಮ ಸ್ಯಾಂಪಲ್ ಅದಲುಬದಲು ಮಾಡಿದ್ದಾಳೆ ಕಣ್ರೀ. ಪಟ್ಟಿಯಿಂದ ಹೆಸರು ತೆಗೀರಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳನ್ನು ಕರೆದು ಸರಿಯಾಗಿ ಕೂಗಾಡಿದೆ. ಅವಳ ಕಣ್ಣು ತುಂಬಿದರೂ ಮಾತು ತಡವರಿಸಲಿಲ್ಲ.

"ಅದ್ಲುಬದ್ಲು ಮಾಡಿಲ್ಲ ಸಾರ್. ಬೇಕಾದ್ರೆ ನಾಳೆ ನೀವೇ ನಿಂತ್ಕೊಂಡು ನೋಡಿ."

ಮರುದಿನ ನಿಂತೆ. ತೊಳೆದಳು, ಒಣಗಿಸಿದಳು, ಬಾಚಿದಳು. ಎಲ್ಲವೂ ಸರಿಯಾಗಿತ್ತು. ಶಾಂಪೂವಿನ ಗೊಂಚಲುಗಳು ತಾವಾಗಿಯೇ ನುಣ್ಣಗೆ ಕೂತವು. ನೀರಿನವು ಕೆದರಿಕೊಂಡೇ ಇದ್ದವು. ಅವನ್ನು ನೋಡಿದ ಗೌರಮ್ಮ, ಎಣ್ಣೆ ಹಚ್ಚಿ ಹೆಣೆದಿದ್ದ ತನ್ನ ಜಡೆಯ ಮೇಲೆ ಅಂಗೈ ಸವರಿ, ಅದೇ ಕೈಯನ್ನು ನೀರಿನ ಒಂದೊಂದು ಗೊಂಚಲಿನ ಮೇಲೂ ಎಳೆದಳು.

"ಏನಮ್ಮ ಇದು?"

"ಏನಿಲ್ಲ ಸಾರ್, ಕೈಯಾಡಿಸ್ದೆ. ಕೆದರ್ಕೊಂಡಿರೋ ಕೂದ್ಲನ್ನ ದೊಡ್ಡೋರ ಮುಂದೆ ಇಡ್ತಾರಾ? ಮನೇಲಿ ಮಗಳಿಗೂ ಇಂಗೇ ಮಾಡೋದು."

ಮೂರು ದಿನ ಮೀಟರು ಅಳೆದದ್ದು ಅವಳ ಜಡೆಯ ಎಣ್ಣೆಯನ್ನು! ನಗು ತಡೆಯಲಾಗಲಿಲ್ಲ. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಎರಡು ವರ್ಷದಲ್ಲಿ ಹೀಗೆ ತೊಳಿ, ಹಾಗೆ ಒಣಗಿಸು ಅಂದಿದ್ದೆನೇ ಹೊರತು, ಯಾಕೆಂದು ಒಂದು ದಿನವೂ ಹೇಳಿರಲಿಲ್ಲ. ಮೀಟರಿನ ಕೋಣೆಗೆ ಅವಳನ್ನು ಬಿಟ್ಟುಕೊಂಡೇ ಇರಲಿಲ್ಲ. ಆವತ್ತು ಒಳಗೆ ಕರೆದು, ಕಪ್ಪು ಗಾಜಿನ ಮೇಲೆ ಹೆಬ್ಬೆರಳು ಒತ್ತು ಎಂದೆ. ಅಂಕಿ ಬದಲಾಯಿತು.

"ಒಂದು ಬೆರಳಿಗೇ ಇಷ್ಟಾ ಸಾರ್?" ಎಂದು ಬೆರಳನ್ನೇ ತಿರುಗಿಸಿ ನೋಡಿಕೊಂಡಳು.

ಮರುದಿನ ಗ್ಲೌಸ್ ಹಾಕಿಕೊಂಡು ಮಾಡಿದಳು. ಶಾಂಪೂವಿನ ಗೊಂಚಲುಗಳು ಗೆದ್ದವು. ತಪ್ಪು ನನ್ನ ಸೂಚನೆಯದೆಂದು ರಿಪೋರ್ಟಿನಲ್ಲಿ ಬರೆದೆ. "ನಿಮ್ಮ ಹೆಸರಿಗೆ ನೀವೇ ಮಸಿ ಬಳ್ಕೋತೀರಲ್ರೀ" ಎಂದು ಗೊಣಗಿದರೂ ಮ್ಯಾನೇಜರ್ ಸಹಿ ಹಾಕಿದರು. ಗೌರಮ್ಮ ಪರ್ಮನೆಂಟ್ ಆದಳು. ಡಬ್ಬಿ ತುಂಬ ಒಬ್ಬಟ್ಟು ತಂದಳು.

ಹೇಗೆ ಎಂದಷ್ಟೇ ಹೇಳಿದರೆ ಜನ ಕೆಲಸ ಮಾಡುತ್ತಾರೆ. ಯಾಕೆ ಎಂದೂ ಹೇಳಿದರೆ ಕೆಲಸವನ್ನು ಕಾಯುತ್ತಾರೆ. ಇದು ನನಗೆ ಗೊತ್ತಾದದ್ದು ಕೆಲವು ತಿಂಗಳ ನಂತರ. ಕ್ಯಾಂಟೀನಿನಲ್ಲಿ ಮಸಾಲೆದೋಸೆ ತಿಂದು ಬಂದು, ಜೊತೆಗೆ ಬಂದಿದ್ದ ಮ್ಯಾನೇಜರಿಗೆ ತೋರಿಸಲೆಂದು ಗೊಂಚಲಿಗೆ ಕೈ ಚಾಚಿದೆ. ಗೌರಮ್ಮ ಅಡ್ಡ ನಿಂತಳು.

"ಮುಟ್ಬೇಡಿ ಸಾರ್. ಮೊದ್ಲು ಸೋಪ್ ಹಾಕಿ ಕೈ ತೊಳ್ಕೊಂಡು ಬನ್ನಿ."

ಹೋಗಿ ತೊಳೆದುಕೊಂಡು ಬಂದೆ. ನನ್ನ ಹಿಂದೆಯೇ ಮ್ಯಾನೇಜರೂ ತೊಳೆದುಕೊಂಡು ಬಂದರು.