ಪೇರಲ ಕಟ್ಟಿಗೆಯ ಹೊಗೆ

ಅಪ್ಪನ ಕೈ ಮುಂದು, ಮಾತು ಹಿಂದು. ಬ್ಯಾಡಗಿ ಹತ್ತಿರದ ನಮ್ಮೂರಿನಲ್ಲಿ ಇದು ಎಲ್ಲರಿಗೂ ಗೊತ್ತು, ಅವ್ವನ ಬೆನ್ನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಂಥವನು ಹೋದ ವರ್ಷ, ಡ್ರಮ್ಮಿನೊಳಗೆ ಕಟ್ಟಿಗೆಯ ಹೊಗೆ ಕೊಟ್ಟು ಮಾಂಸ ಬೇಯಿಸುವುದನ್ನು ಫೋನಿನಲ್ಲಿ ನೋಡಿ ಮರುಳಾದ. ನಾನು ತವರಿಗೆ ಬಂದಿದ್ದೆ, ರಾಣೆಬೆನ್ನೂರಿನಿಂದ ನನ್ನ ಅತ್ತೆ ಮಾವ ಊಟಕ್ಕೆ ಬರುವವರಿದ್ದರು. ಬೀಗರ ಮುಂದೆ ಮೀಸೆ ತಿರುವಬೇಕಲ್ಲ! ಹಾವೇರಿಯ ಗುಜರಿ ಅಂಗಡಿಯಿಂದ ಡ್ರಮ್ಮು ಬಂತು, ಕುರಿಯ ತೊಡೆ ಬಂತು. ಯಾವ ಕಟ್ಟಿಗೆ ಹಾಕಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಯಾರನ್ನೂ ಕೇಳುವ ಜಾಯಮಾನ ಅವನದಲ್ಲ. ಸ್ನಾನದ ನೀರು ಕಾಯಿಸಲು ಹಿತ್ತಲಲ್ಲಿ ಒಟ್ಟಿದ್ದ ಮೆಣಸಿನ ಗಿಡದ ಒಣ ಕಟ್ಟಿಗೆಯನ್ನೇ ತುರುಕಿ ಹಚ್ಚಿದ. ಅದರಲ್ಲಿ ಅಲ್ಲಲ್ಲಿ ಕಾಯಿ ಉಳಿದಿರುತ್ತವೆ ಎಂದು ಮೆಣಸಿನಕಾಯಿ ಬೆಳೆಯುವವನಿಗೇ ಹೊಳೆಯಲಿಲ್ಲ. ಘಾಟಿನ ಹೊಡೆತಕ್ಕೆ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅಪ್ಪ ಕೆಮ್ಮುತ್ತ ಡ್ರಮ್ಮಿಗೆ ಒದ್ದ, ನೀರು ತಂದ ಅವ್ವನ ಕೆನ್ನೆಗೆ ಬಾರಿಸಿದ.

"ಮೊದಲ ಹೇಳಾಕ ಏನಾಗಿತ್ತು ನಿನಗ?"

ಮತ್ತೆ ಫೋನು ನೋಡಿದ. ಬೇವು ಕಹಿಯಂತೆ. ಜಾಲಿ ಕೆಂಡಕ್ಕೆ ಸರಿ, ರುಚಿಗೆ ಮಾತ್ರ ಹಣ್ಣಿನ ಗಿಡದ ಕಟ್ಟಿಗೆಯೇ ಬೇಕಂತೆ. ನಮ್ಮಲ್ಲಿದ್ದ ಹಣ್ಣಿನ ಗಿಡ ಹಿತ್ತಲ ಪೇರಲ ಒಂದೇ. ಹಾಲುಗೂಸು ಸತ್ತರೆ ಮನೆಯ ಹತ್ತಿರವೇ ಮಣ್ಣು ಮಾಡುವುದು ನಮ್ಮ ವಾಡಿಕೆ. ನನಗಿಂತ ಮೊದಲು ಹುಟ್ಟಿ, ಹೆಸರಿಡುವ ಮುಂಚೆಯೇ ಹೋದ ಕೂಸನ್ನು ಹೂತ ಜಾಗದಲ್ಲಿ ಅವ್ವ ನೆಟ್ಟ ಗಿಡ ಅದು. ಅದರ ಎಲೆ ಕಿತ್ತರೂ ಅವಳು ಸಿಡಿಯುತ್ತಿದ್ದಳು.

ಅಪ್ಪ ಕೊಡಲಿ ತಂದ. ಅವ್ವ ಗಿಡಕ್ಕೆ ಬೆನ್ನು ಕೊಟ್ಟು ನಿಂತಳು.

"ಮೊದಲ ನನ್ನ ಕಡೀರಿ."

"ಬಾಜೂಕ ಸರಿ. ಬೀಗರು ಬರೋ ಹೊತ್ತಾತು."

ಕೂದಲು ಹಿಡಿದೆಳೆದು ಅವಳನ್ನು ಆಚೆ ಬಿಸಾಕಿದ. ನಾನು ತೋಳು ಹಿಡಿದರೆ ಕೊಡಲಿಯ ಕಾವಿನಿಂದ ಎದೆಗೆ ತಿವಿದ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ನೋಡನೋಡುತ್ತಲೇ ದೊಡ್ಡ ಟೊಂಗೆ ಮುರಿದು ಬಿತ್ತು.

ಕರಕಲಾಗಲಿ, ಹಾಳಾಗಲಿ ಎಂದು ನಾನು ಶಾಪ ಹಾಕುತ್ತ ಕುಳಿತಿದ್ದೆ. ಆದರೆ ಮಾಂಸ ಬಲು ಸೊಗಸಾಗಿ ಬೆಂದಿತ್ತು. ಮಾವ ಎಲುಬನ್ನೂ ಬಿಡದೆ ಚೀಪಿದರು.

"ಏನ್ ರುಚಿರೀ ಬೀಗ್ರ! ಯಾವ ಕಟಗಿ?"

ಅಪ್ಪ ಉಬ್ಬಿಹೋದ. ಒಳ್ಳೆಯ ತುಂಡು ಆರಿಸಿ ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು, ಹಿತ್ತಲ ಬಾಗಿಲಲ್ಲಿ ಕುಳಿತಿದ್ದ ಅವ್ವನ ಮುಂದೆ ಹಿಡಿದ.

"ಸಿಟ್ಟ ಬಿಡ. ತಿಂದ ನೋಡ, ಎಷ್ಟ ಚಲೋ ಆಗೇತಿ."

ಅವ್ವ ತಟ್ಟೆ ಇಸಿದುಕೊಂಡಳು. ಅಂಚು ಮುಂದೆ ಮಾಡಿ ಅವನ ಮುಖಕ್ಕೇ ಬೀಸಿದಳು. ಹುಬ್ಬು ಸೀಳಿತು.

"ನನ್ನ ಕೂಸಿನ ಗಿಡ ಸುಟ್ಟು ನನಗ ತಿನಸ್ತೀಯೇನೋ?"

ಬೀಗರ ಬಾಯಲ್ಲಿ ತುತ್ತು ಹಾಗೇ ನಿಂತಿತು. ಅಪ್ಪನ ಕೈ ಮೇಲೇಳಲಿಲ್ಲ. ರಕ್ತ ಹೊಸ ಅಂಗಿಯ ಮೇಲೆ ಇಳಿಯುತ್ತಿತ್ತು. ನನ್ನ ಕಡೆ ತಿರುಗಿ, "ಲಗೂ ಅರಿಷಿಣ ತಾ ಮಗಳ" ಅಂದ.

ಡಬ್ಬಿ ನನ್ನ ಕೈಗೆ ಎಟುಕುವಲ್ಲೇ ಇತ್ತು. ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕುಳಿತೆ.