ಇಲಿ ಕಡಿದ ಬಲೆ

ಬೇಟೆಗಾರರ ಮನೆಗೆ ಹೆಣ್ಣು ಕೊಡುವವರು ಮಾಘ ಮಾಸದಲ್ಲಿ ಹೋಗಿ ಆ ಮನೆ ನೋಡಬೇಕು. ಆಗ ಗಂಡಸರೆಲ್ಲ ಮನೆಯಲ್ಲೇ ಬಿದ್ದುಕೊಂಡಿರುತ್ತಾರೆ, ನಿಜಗುಣ ಗೊತ್ತಾಗುತ್ತದೆ. ನನ್ನ ಅಪ್ಪನಿಗೆ ಈ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಹಿರೇಗುತ್ತಿಯಲ್ಲಿ ಗದ್ದೆ, ಮೀನು, ಉಪ್ಪುನೀರಿನ ನಡುವೆ ಬೆಳೆದ ನನ್ನನ್ನು ಎರಡು ಹೊಳೆ ದಾಟಿಸಿ ಮಂಕಿಯ ಈ ಮನೆಗೆ ಕೊಟ್ಟುಬಿಟ್ಟರು. ಎಲ್ಲೋ ದೂರದಲ್ಲಿ ಲಡಾಯಿ ನಡೆಯುತ್ತಿತ್ತು. ಅಂಗಡಿಯಲ್ಲಿ ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿಗೆ ಸಾಲು ನಿಲ್ಲಬೇಕಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಮೂರು ಹೊತ್ತೂ ಹಂದಿಯದೇ ಮಾತು.

ಭತ್ತ ತೆನೆಗಟ್ಟಿದಾಗ ಹಂದಿಗಳು ಗುಡ್ಡ ಇಳಿದು ಗದ್ದೆಗೆ ಬರುತ್ತಿದ್ದವು. ನಮ್ಮ ಮನೆಯ ಗಂಡಸರೂ ಊರಿನ ಇನ್ನಷ್ಟು ಜನರೂ ಗುಂಪಾಗಿ ಬಲೆ ಕಟ್ಟಿ, ನಾಯಿ ಬಿಟ್ಟು, ಕೋವಿ ಹಿಡಿದು ಕಾಯುತ್ತಿದ್ದರು. ಕೊಯ್ಲು ಮುಗಿದ ಮೇಲೆ ಹಂದಿಗಳಿಗೆ ಇಳಿದು ಬರುವ ಗರಜು ಇರಲಿಲ್ಲ. ಇವರೇ ಹತ್ತಿ ಹೋಗೋಣವೆಂದರೆ ಚಳಿ ಬಿಡುವ ಹೊತ್ತಿಗೆ ಕಾಡಿನ ತುಂಬ ತರಗೆಲೆ. ಒಂದು ಹೆಜ್ಜೆ ಇಟ್ಟರೆ ಹಪ್ಪಳ ಮುರಿದಷ್ಟು ಸದ್ದು, ಹಂದಿ ಅಷ್ಟು ದೂರದಲ್ಲೇ ಓಟ ಕೀಳುತ್ತಿತ್ತು. ಅಲ್ಲಿಂದ ಮಳೆ ಬೀಳುವ ತನಕ ಬೇಟೆಯಿಲ್ಲ.

ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ಇವರು ಏನಾದರೊಂದನ್ನು ಕೆತ್ತುತ್ತಲೇ ಇದ್ದರು. ತಲೆಗೆ ಇಟ್ಟ ತೆಂಗಿನೆಣ್ಣೆ ಕೋವಿಯ ನಳಿಗೆಗೆ ಹೋಗುತ್ತಿತ್ತು. ನಾಯಿಯ ಕಿವಿಯ ಉಣ್ಣಿ ತೆಗೆಯಲು ಇಬ್ಬರು, ಹೇಗೆ ತೆಗೆಯಬೇಕೆಂದು ಹೇಳಲು ಮೂವರು. ಸೀಸಕ್ಕೆ ಬರ ಬಂದದ್ದರಿಂದ ನಮ್ಮನೆಯವರು ಮೀನುಗಾರರ ಹಳೇ ಬಲೆಯ ಗುಂಡುಗಳನ್ನು ಕೇಳಿ ತಂದು ಕೋವಿಯ ಗುಂಡು ಎರೆಯಲು ಕೂತರು. ಕರಗಿಸಿದ್ದು ನನ್ನ ತವರಿನ ಸೌಟಿನಲ್ಲಿ. ಆ ಸೌಟನ್ನು ನಾನು ಮತ್ತೆ ಸಾರಿಗೆ ಅದ್ದಲಿಲ್ಲ, ಅವರ ಜೊತೆ ಎರಡು ದಿನ ಮಾತನ್ನೂ ಆಡಲಿಲ್ಲ. ಅವರಿಗೆ ಅದು ತಿಳಿಯಿತೋ ಇಲ್ಲವೋ!

ಈ ಗುಂಪಿಗೆಲ್ಲ ಹಿರಿಯರು ನನ್ನ ಮಾವ. ಯಾವ ಗುಡ್ಡಕ್ಕೆ ಯಾವಾಗ ಹೋಗಬೇಕು, ಬಲೆ ಎಲ್ಲಿ ಕಟ್ಟಬೇಕು ಎಂದು ಹೇಳುತ್ತಿದ್ದವರು ಅವರೇ. ನಾನು ಮದುವೆಯಾಗಿ ಬಂದ ಮರುವರ್ಷ, ಮಾರ್ಗಶಿರದಲ್ಲಿ, ಒಂದು ಒಂಟಿ ಹಂದಿ ಬಲೆ ಹರಿದುಕೊಂಡು ಬಂದು ಅವರ ತೊಡೆಗೆ ಹಾಯ್ದಿತು. ಎಲುಬು ಮುರಿಯಿತು. ಭಟ್ಕಳ ಕಡೆಯ ನಾಟಿ ವೈದ್ಯರು ಬಂದು ಕಟ್ಟು ಹಾಕಿದರು. ಗಾಯ ಮಾಯಿತು, ಕಾಲು ಮಾತ್ರ ಗಿಡ್ಡವಾಯಿತು. ಕೋಲು ಹಿಡಿದು ಅಂಗಳಕ್ಕೆ ಇಳಿಯಬಹುದು, ಗುಡ್ಡ ಹತ್ತುವುದು ಸುಳ್ಳು ಎಂದರು ವೈದ್ಯರು. ಆ ಮಾತು ಕೇಳಿದ ಮಾವ ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು.

ಮಲಗಿದವರು ಏಳಲೇ ಇಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು. ಮಾತಾಡಿಸಿದರೆ ಹೂಂ. ಬಂದ ನೆಂಟರೆಲ್ಲ ಅವರ ಬೆನ್ನಿಗೇ ಕುಶಲ ಕೇಳಿ ಹೋದರು. ಕೋವಿ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಅದನ್ನು ಇಳಿಸಿ ಒರೆಸುವಾಗಲೂ ನಮ್ಮನೆಯವರು ಅಪ್ಪನಿಗೆ ಸದ್ದು ಕೇಳದ ಹಾಗೆ ಒರೆಸುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಕಾಲು ಮುರಿದು ಸತ್ತವರನ್ನು ನಾನು ಕಂಡಿರಲಿಲ್ಲ. ಆದರೆ ಹೀಗೆ ಗೋಡೆ ನೋಡುತ್ತ ಮಲಗಿದ ನನ್ನ ಅಜ್ಜಿ ತಿಂಗಳೊಪ್ಪತ್ತಿನಲ್ಲಿ ಹೋಗಿಬಿಟ್ಟಿದ್ದಳು.

ಮಾಘ ಹಿಡಿದಾಗ ರೂಢಿಯಂತೆ ಬಲೆ ಹೊಲಿಯುವ ಕೆಲಸ ಬಂತು. ಅದು ಸಣಬಿನ ನಾರಿನ ದಪ್ಪ ಬಲೆ, ಮತ್ತಿ ಮರದ ತೊಗಟೆಯ ನೀರಿನಲ್ಲಿ ಅದ್ದಿ ಅದ್ದಿ ಕಪ್ಪಾಗಿತ್ತು. ಅದನ್ನು ಹೆಂಗಸರು ಮುಟ್ಟುವ ಹಾಗಿಲ್ಲ, ದಾಟುವ ಹಾಗಿಲ್ಲ. ಪಕ್ಕದ ಮನೆಯವಳೊಬ್ಬಳು ಅಂಗಳದಲ್ಲಿ ಒಣಗಲು ಹಾಕಿದ್ದ ಬಲೆ ದಾಟಿದಳೆಂದು ಮಾವ ಒಮ್ಮೆ ಅದಕ್ಕೆ ಕೋಳಿಯ ರಕ್ತ ಮುಟ್ಟಿಸಿದ್ದರಂತೆ. ಇಂಥ ಬಲೆಯನ್ನು ಗುಂಪಿನವರು ಹೊತ್ತು ತಂದು ನಮ್ಮ ಜಗಲಿಯಲ್ಲೇ ಹರವಿದರು. ಹಂದಿ ಹರಿದ ಬಾಯಿ ಒಬ್ಬ ಮನುಷ್ಯ ನುಗ್ಗಿ ಹೋಗುವಷ್ಟು ದೊಡ್ಡದಿತ್ತು.

ಗುಂಪಿನಲ್ಲಿ ಮಾವನ ಓರಗೆಯವರೊಬ್ಬರಿದ್ದರು. ಕಾಯ್ಕಿಣಿಯಿಂದ ಬಂದು ನಮ್ಮೂರಲ್ಲಿ ಮನೆ ಮಾಡಿದ್ದರಿಂದ ಎಲ್ಲರೂ ಅವರನ್ನು ಕಾಯ್ಕಿಣಿಯವರು ಎಂದೇ ಕರೆಯುತ್ತಿದ್ದರು. ಅವರು ಬಿದಿರಿನ ಸೂಜಿ ಹಿಡಿದು ಒಂದು ಗಂಟು ಹಾಕಿದರು. ನಮ್ಮನೆಯವರು ಅದು ಸರಿಯಿಲ್ಲವೆಂದು ಇನ್ನೊಂದು ಹಾಕಿದರು. ಇಬ್ಬರಿಗೂ ಜಗಳ ಹತ್ತಿತು. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಕೇಳಿತು.

"ಅದೆಂತದ್ರೋ ಅದು? ಬಲೆ ಗಂಟೋ, ದನ ಕಟ್ಟೂ ಗಂಟೋ? ಹಂದಿ ಸೀನಿದ್ರೂ ಬಿಚ್ಚಿ ಹೋಗ್ತದೆ. ಇಲ್ ಕೊಡಿ."

ಮಾವ ಎದ್ದು ಕೂತಿದ್ದರು. ಬಾಗಿಲ ಮರೆಯಲ್ಲಿದ್ದ ಅತ್ತೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿ ಹಿಡಿದರೆಂದರೆ ಬಳೆಯ ಗುರುತು ಮೂಡಿತು.

ಅಂದಿನಿಂದ ಮನೆಗೆ ಕಳೆ ಬಂತು. ಬೆಳಿಗ್ಗೆ ಗಂಜಿ ಉಂಡವರೇ ಮಾವ ಬಲೆಯ ಮುಂದೆ ಕೂರುತ್ತಿದ್ದರು. ಒಬ್ಬರು ನಾರು ಹೊಸೆಯುವವರು, ಒಬ್ಬರು ಸೂಜಿಗೆ ಸುತ್ತಿ ಕೊಡುವವರು, ಉಳಿದವರು ಸುಳ್ಳು ಹೇಳುವವರು. ಅವರು ಹೇಳಿದ ಹಂದಿಗಳೆಲ್ಲ ನಿಜಕ್ಕೂ ಇದ್ದಿದ್ದರೆ ಮಂಕಿಯಲ್ಲಿ ಮನುಷ್ಯರಿಗೆ ಜಾಗವಿರುತ್ತಿರಲಿಲ್ಲ. ನಾನು ಚಾ ಕಾಸಿ ಕಾಸಿ ಸೋತೆ, ಬೆಲ್ಲ ಮುಗಿಯಿತೆಂದು ಗೊಣಗಿದೆ. ಆದರೂ ಮಾವನ ಬೈಗುಳ ಕೇಳಿಸಿದಾಗ ಒಳಗೊಳಗೇ ಹಿತವಾಗುತ್ತಿತ್ತು.

ಕೆಲಸ ಮುಗಿಯುತ್ತ ಬಂದಂತೆ ಜನ ಕಡಿಮೆಯಾದರು. ಕೆಲವರು ಶರಾವತಿಯ ಅಳಿವೆಗೆ ಚಿಪ್ಪು ಹೆಕ್ಕಲು ಹೋದರು, ಕೆಲವರು ಗಾಳ ಹಿಡಿದು ಹೊಳೆ ಸೇರಿದರು. ಇನ್ನು ನಾಲ್ಕಾರು ಕಣ್ಣು ಹೊಲಿದರೆ ಬಲೆ ಪೂರ್ತಿಯಾಗುತ್ತದೆ ಎನ್ನುವಾಗ ಒಂದು ದಿನ ಮಾವ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ನೋಡುತ್ತಾರೆ, ಹೊಸದಾಗಿ ಹೊಲಿದ ಕಡೆಯಲ್ಲೇ ತೂತು.

"ಇಲಿ," ಎಂದರು ಕಾಯ್ಕಿಣಿಯವರು.

ಇಲಿ ಎಂದ ಕೂಡಲೇ ಅತ್ತೆ ಊರಿಗೆಲ್ಲ ಕೇಳುವಂತೆ ನನ್ನ ಮೇಲೆ ಏರಿ ಬಂದರು. "ನೀ ಅಕ್ಕಿ ಚೆಲ್ತೆ, ಗುಡ್ಸುದಿಲ್ಲ. ಇಲಿ ಬರದೆ ಎಂತ ನೆಂಟರು ಬರ್ತ್ರಾ?" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಲಡಾಯಿ ಕಾಲದಲ್ಲಿ ಒಂದು ಕಾಳು ಅಕ್ಕಿ ಚೆಲ್ಲಲು ನನಗೇನು ಹುಚ್ಚೇ? ಬೇಯುತ್ತಿದ್ದ ಸಿಟ್ಟನ್ನು ನುಂಗಿಕೊಂಡೆ. ಮಾವ ಮಾತ್ರ ತೂತಿನ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ ಮತ್ತೆ ಹೊಲಿಯತೊಡಗಿದರು.

ಎರಡು ದಿನ ಬಿಟ್ಟು ಮತ್ತೆ ತೂತು. ನಮ್ಮನೆಯವರು ಇಲಿಬೋನು ತಂದಿಟ್ಟರು. ಬಲೆಯನ್ನು ತೊಲೆಗೆ ಎತ್ತಿ ಕಟ್ಟಿದರು. ಇಲಿ ತೊಲೆಗೂ ಹತ್ತಿತು. ದಿನಾ ಬೈಸಿಕೊಂಡು ನನಗೆ ಸಾಕಾಗಿತ್ತು. ಈ ಇಲಿಯನ್ನು ನಾನೇ ಹಿಡಿಯುತ್ತೇನೆಂದು ಒಂದು ಮಧ್ಯಾಹ್ನ, ಮಾವ ನಿದ್ದೆ ಹೋದ ಮೇಲೆ, ಪೊರಕೆ ಹಿಡಿದು ಬಾಗಿಲ ಹಿಂದೆ ನಿಂತೆ.

ಬಂದದ್ದು ಅತ್ತೆ. ಸೊಂಟದ ಮೇಲೆ ಮೆಟ್ಟುಗತ್ತಿ. ಜಗಲಿಯ ತುದಿಯಲ್ಲಿ ಅದನ್ನಿಟ್ಟು, ಕಾಲಲ್ಲಿ ಮೆಟ್ಟಿ ಕೂತು, ತೊಲೆಯಿಂದ ಇಳಿಬಿದ್ದಿದ್ದ ಬಲೆಯ ಅಂಚನ್ನು ಎಳೆದು, ಬಸಳೆ ದಂಟು ಹೆಚ್ಚುವ ಹಾಗೆ ಚಕಚಕನೆ ಕೊಯ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅತ್ತ ಇತ್ತ ನೋಡಲೂ ಇಲ್ಲ. ಎದ್ದು ತಿರುಗಿದಾಗ ನಾನು ಎದುರಿಗಿದ್ದೆ.

ಬಾಯಿಗೆ ಬಂದದ್ದನ್ನೆಲ್ಲ ಹೇಳಬೇಕೆಂದು ನಿಂತಿದ್ದವಳು ಅವರ ಮುಖ ನೋಡಿ ಅವರ ಹಿಂದೆಯೇ ಒಳಗೆ ನಡೆದೆ. ಅಡುಗೆಮನೆಗೆ ಬಂದ ಮೇಲೆ ಅವರು ಮೆಲ್ಲಗೆ ಹೇಳಿದರು, "ಬಲೆ ಮುಗೀತು ಅಂದ್ರೆ ಅವ್ರು ಮತ್ತೆ ಗೋಡೆ ಕಡೆ ತಿರುಗ್ತ್ರು ಹೆಣ್ಣೇ. ನಂಗೆ ಆ ಬೆನ್ನು ನೋಡುಕಾಗುದಿಲ್ಲ."

ಬೇಟೆಯೆಂದರೆ ಉರಿದುಬೀಳುತ್ತಿದ್ದವರು ಅವರು. ಹಂದಿ ಮಾಂಸ ಬೇಯಿಸಿ ಕೊಡುವಾಗಲೂ ಬೈಯುತ್ತಲೇ ಬೇಯಿಸುತ್ತಿದ್ದರು. ಬಲೆ ಮುಟ್ಟಿದ್ದು ಗೊತ್ತಾದರೆ ಗಂಡಸರು ಅದನ್ನು ಸುಟ್ಟೇ ಹಾಕುತ್ತಾರೆ, ಆಮೇಲೆ ಹೊಲಿಯಲು ಬಲೆಯೂ ಇರುವುದಿಲ್ಲ, ಎದ್ದು ಕೂರಲು ಮಾವನಿಗೆ ನೆಪವೂ ಇರುವುದಿಲ್ಲ. ನಾನು ಪೊರಕೆ ಮೂಲೆಗಿಟ್ಟೆ. ಮರುದಿನದಿಂದ ಬೈಗುಳವನ್ನು ಪ್ರಸಾದದ ಹಾಗೆ ಸ್ವೀಕರಿಸಿದೆ. ನನ್ನನ್ನು ಬೈಯುವಾಗ ಅತ್ತೆಯ ದನಿ ನಡುನಡುವೆ ತಡವರಿಸುತ್ತಿತ್ತು ಎಂಬುದೇ ನನಗೆ ಸಮಾಧಾನ.

ಆದರೆ ಹೆಚ್ಚು ಕೊಯ್ದದ್ದೇ ತಿರುಗಿ ಬಡಿಯಿತು. ಒಂದು ಸಂಜೆ ಗಾಳ ಮುಗಿಸಿ ಬಂದ ಕಾಯ್ಕಿಣಿಯವರು ಬಲೆ ನೋಡಿ ತಲೆಗೆ ಕೈ ಹೊತ್ತರು.

"ಈ ಮನೆ ಇಲಿ ಬಲೆ ಉಳ್ಸೂದಿಲ್ಲ ಮಾರಾಯ. ಬೆಳಗಾದ್ರೆ ನಮ್ಮನೆಗೆ ಒಯ್ತೆ. ಅಲ್ಲೇ ಕೂತು ಹೊಲಿದು ಮುಗಿಸ್ತೆ. ಆತಾ?"

ಮಾವ "ಆತು" ಎಂದರು. ಒಳಗೆ ಅತ್ತೆ ಮೀನು ಕೊಯ್ಯುತ್ತಿದ್ದರು. ಅವರ ಕೈ ಅಲ್ಲೇ ನಿಂತಿತು.

ಬೆಳಿಗ್ಗೆ ಕಾಯ್ಕಿಣಿಯವರೂ ಇನ್ನಿಬ್ಬರೂ ಬಂದು ಬಲೆ ಸುತ್ತಿದರು. ಮಾವ ಸೂಜಿಯನ್ನು ಬಲೆಯ ಮೇಲಿಟ್ಟು, ಕಾಲನ್ನು ಕೈಯಿಂದ ಎತ್ತಿಕೊಂಡು ಹಾಸಿಗೆಯ ಕಡೆ ಸರಿಯತೊಡಗಿದರು. ಬಲೆ ಹೆಗಲಿಗೇರಿತು. ಅಷ್ಟರಲ್ಲಿ ಅತ್ತೆ ಮೆಟ್ಟುಗತ್ತಿ ಹಿಡಿದು ಹೊಸ್ತಿಲು ದಾಟಿ ಜಗಲಿಗೆ ಬಂದರು. ಗಂಡಸರು ಕೂತಿದ್ದಾಗ ಅವರು ಹಾಗೆ ಹೊರಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ಬಲೆ ಇಳ್ಸಿ. ಇಲಿ ಗಿಲಿ ಎಂತದೂ ಇಲ್ಲ. ಕೊಯ್ದದ್ದು ನಾನು."

ಬಲೆ ಹೊತ್ತವರು ಅದನ್ನು ಇಳಿಸಬೇಕೋ ಬಿಸಾಡಬೇಕೋ ತಿಳಿಯದೆ ನಿಂತರು. "ಅತ್ಗೇ, ನೀವು ಬಲೆ ಮುಟ್ಟಿ..." ಎಂದು ಕಾಯ್ಕಿಣಿಯವರು ಶುರು ಮಾಡಿದರು.

"ನಂಗೆ ಗೊತ್ತದೆ," ಎಂದರು ಮಾವ.

ಎಲ್ಲರೂ ಅವರತ್ತ ತಿರುಗಿದೆವು.

"ಇಲಿ ಕಡಿದ್ರೆ ನಾರು ಜುಂಗೇಳ್ತದೆ. ಇದು ಕತ್ತಿ ಕೊಯ್ತ. ಮೊದ್ಲ ದಿನವೇ ಬಂಗುಡೆ ಮೀನಿನ ವಾಸನೆ ಬಂತು. ಯಾವ ಇಲಿ ಬಂಗುಡೆ ಕೊಯ್ತದೆ?" ಯಾರಾದರೂ ನಗುತ್ತಾರೋ ಎಂದು ನೋಡಿದರು. ಯಾರೂ ನಗಲಿಲ್ಲ. "ಹೇಳಿದ್ರೆ ಇವ್ರೆಲ್ಲ ನಿನ್ನ ಮೇಲೆ ಬೀಳ್ತಿದ್ರು. ಅದ್ಕೇ ಹೇಳ್ಲಿಲ್ಲ."

"ಗೊತ್ತಿದ್ದೂ ಹೊಲೀತಾ ಕೂತ್ರಿ?" ಎಂದರು ಅತ್ತೆ.

"ನಾ ಹೊಲಿದ ದಿನ ನೀನು ಉಣ್ತೆ. ನಾ ಮಲಗಿದ್ದಾಗ ನಿನ್ ಗಂಜಿನೂ ನಾಯಿಗೇ ಹೋಗ್ತಿತ್ತು. ನಂದು ಮುರ್ದದ್ದು ಕಾಲು, ಕಿವಿಯಲ್ಲ."

ಒಂದೇ ಅಡುಗೆಮನೆಯಲ್ಲಿ ಹಗಲೆಲ್ಲ ಜೊತೆಗಿದ್ದ ನನಗೆ ಅದು ಕಂಡಿರಲಿಲ್ಲ. ಅತ್ತೆ ಯಾವಾಗಲೂ ನನಗೆ ಉಣಬಡಿಸಿ ಕೊನೆಗೆ ಬಡಿಸಿಕೊಳ್ಳುವವರು, ಉಂಡರೆಂದೇ ತಿಳಿದಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದವರಿಗೆ ನಾಯಿಯ ತಟ್ಟೆಯ ಸದ್ದಿನಿಂದಲೇ ಎಲ್ಲ ಗೊತ್ತಾಗಿತ್ತು. ನನಗೆ ಅಳು ಬಂತು, ತಡೆಯಲಿಲ್ಲ.

ಕಾಯ್ಕಿಣಿಯವರು ಬಲೆಯನ್ನು ಇಳಿಸಿ, ತಾವೇ ಮೊದಲಿನಂತೆ ಜಗಲಿಯ ಉದ್ದಕ್ಕೂ ಹರವಿದರು. ಕೋಳಿಯ ಮಾತನ್ನಾಗಲಿ ಬೆಂಕಿಯ ಮಾತನ್ನಾಗಲಿ ಯಾರೂ ಎತ್ತಲಿಲ್ಲ. ಮಾವ ಹಾಸಿಗೆಯಿಂದ ಈಚೆ ಸರಿದರು.

"ನೀ ಕೊಯ್ದೆ, ಕೊಯ್ದೆ. ಅದೂ ನಾ ಹೊಸಾದು ಹೊಲಿದಲ್ಲೇ ಕೊಯ್ದೆ. ಹಳೇ ಕೊಳೆತ ನಾರು ಕೊಯ್ದಿದ್ರೆ ಬಲೆಗಾದ್ರೂ ಒಳ್ಳೇದಾಗ್ತಿತ್ತು."

ಅತ್ತೆ ಮೆಟ್ಟುಗತ್ತಿ ಕೆಳಗಿಟ್ಟು ಗಂಡಸರೆಲ್ಲರ ನಡುವೆ ಕೂತರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಎಲ್ಲಿ ಕೊಯ್ಯೂದು? ತೋರ್ಸಿ."

ಮಾವ ಅವರ ಕೈಹಿಡಿದು, ನಾವೆಲ್ಲ ನೋಡುತ್ತಿದ್ದಂತೆಯೇ, ಬಲೆಯ ಹಳೇ ನಾರಿನ ಮೇಲೆ ತಂದಿಟ್ಟರು. "ಇಲ್ಲಿ," ಎಂದರು. ಕೊಯ್ದು ಮುಗಿಯುವ ತನಕ ಆ ಕೈ ಬಿಡಲಿಲ್ಲ.